ನಿಂತ ಕಾರಿನ ಎಂಜಿನ್ ಎಷ್ಟು ಸುತ್ತು ತಿರುಗಬೇಕು?

ಮೇ ತಿಂಗಳ ಮಧ್ಯಾಹ್ನ ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ದಟ್ಟಣೆಯಲ್ಲಿ ಸಿಕ್ಕಿಬಿದ್ದ ಒಂದು ಕಾರನ್ನು ನೆನೆಸಿಕೊಳ್ಳಿ. ಗೇರ್ ನ್ಯೂಟ್ರಲ್‌ನಲ್ಲಿದೆ, ಆಕ್ಸಿಲರೇಟರ್ ಮೇಲೆ ಕಾಲಿಲ್ಲ, ಎ.ಸಿ. ಚಾಲೂ ಇದೆ. ಆರ್‌ಪಿಎಂ ಮೀಟರಿನ ಮುಳ್ಳು 800ರ ಆಸುಪಾಸಿನಲ್ಲಿ ನಿಂತಿದೆ. ಒಳಗಿನಿಂದ 'ಟಕ್' ಎಂದು ಸಣ್ಣ ಸದ್ದು ಬರುತ್ತದೆ, ಮುಳ್ಳು ಒಂದು ಗಳಿಗೆ ಕುಸಿದು ಮತ್ತೆ ಎದ್ದು 900ರ ಹತ್ತಿರ ಹೋಗಿ ನಿಲ್ಲುತ್ತದೆ. ಅರ್ಧ ನಿಮಿಷದ ಮೇಲೆ ಇನ್ನೊಂದು 'ಟಕ್', ಮುಳ್ಳು ಮೊದಲಿನ ಜಾಗಕ್ಕೆ ಬರುತ್ತದೆ. ಇದನ್ನು ಮೊದಲ ಸಲ ಗಮನಿಸಿದ ಮಾಲೀಕರಿಗೆ ಗಾಬರಿಯಾಗುವುದು ಸಹಜ. ಮರುದಿನ ಗ್ಯಾರೇಜಿಗೆ ಹೋಗಿ ಮಿಸ್ತ್ರಿಗೆ ಅವರು ಹೇಳುವ ಮಾತೂ ಬಹುಪಾಲು ಒಂದೇ: "ಗಾಡಿ ಬಂದ್ ಬೀಳೋ ಹಂಗ ಮಾಡ್ತದ, ರೇಸ್ ಸ್ವಲ್ಪ ಏರ್ಸಿ ಬಿಡ್ರಿ." ಇವತ್ತು ನಾನು ಮಾತಾಡಬೇಕೆಂದಿರುವುದು ಈ ಒಂದು ಮಾತಿನ ಬಗ್ಗೆ. ಈಗಿನ ಕಾರಿನಲ್ಲಿ ಐಡಲ್ ವೇಗ, ಅಂದರೆ ಆಕ್ಸಿಲರೇಟರ್ ಒತ್ತದೆ ನಿಂತಾಗ ಎಂಜಿನ್ ತಿರುಗುವ ವೇಗ, ಎನ್ನುವುದು ನಾವು ಏರಿಸಿ ಇಳಿಸುವ ಸಂಗತಿಯಲ್ಲ. ಎಂಜಿನ್ನಿನ ಒಳಗಿನ ಲೆಕ್ಕ ಸರಿಯಾಗಿದೆಯೋ ಇಲ್ಲವೋ ಎಂಬುದನ್ನು ಅದು ಹೊರಗೆ ತೋರಿಸುತ್ತದೆ. ಆ ಅಂಕಿಯನ್ನು ತಿದ್ದಲು ಹೊರಟರೆ ದೋಷ ಮುಚ್ಚಿಹೋಗುತ್ತದೆ, ಖರ್ಚು ಮಾತ್ರ ಮುಂದುವರಿಯುತ್ತದೆ. ಇದು ನನ್ನ ವಾದ.

ಐಡಲ್ ಅಂದರೆ ಎಂಜಿನ್ ಸುಮ್ಮನೆ ನಿಂತಿದೆ ಎಂದಲ್ಲ. ನಮ್ಮ ಭಾಗದವರಿಗೆ ಹಿಟ್ಟಿನ ಗಿರಣಿಯ ಸದ್ದು ಗೊತ್ತೇ ಇದೆ. ಜೋಳ ಮುಗಿದ ಕೂಡಲೇ ಗಿರಣಿಯ ದನಿ ಬದಲಾಗುತ್ತದೆ, ಆದರೆ ಗಿರಣಿ ತಿರುಗುತ್ತಲೇ ಇರುತ್ತದೆ, ಕರೆಂಟು ತಿನ್ನುತ್ತಲೇ ಇರುತ್ತದೆ. ನಿಂತ ಕಾರಿನ ಎಂಜಿನ್ನಿಗೂ ಕೆಲಸ ತಪ್ಪಿದ್ದಲ್ಲ. ಪಿಸ್ಟನ್ ಉಜ್ಜಾಟವನ್ನು ಅದು ಮೀರಬೇಕು, ಆಯಿಲ್ ಪಂಪು ತಿರುಗಿಸಬೇಕು, ಕೂಲಂಟ್ ಸುತ್ತಾಡಿಸಬೇಕು, ಆಲ್ಟರ್ನೇಟರ್ ತಿರುಗಿಸಿ ಬ್ಯಾಟರಿಗೆ ಕರೆಂಟು ಕೊಡಬೇಕು. ಇಷ್ಟಕ್ಕೆ ಸಾಕಾಗುವಷ್ಟು ಶಕ್ತಿಯನ್ನು, ಅದಕ್ಕಿಂತ ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ ಎನ್ನುವಂತೆ, ಅದು ಹುಟ್ಟಿಸಬೇಕು. ಹೆಚ್ಚಾದರೆ ಸುತ್ತು ಏರುತ್ತದೆ, ಕಡಿಮೆಯಾದರೆ ಎಂಜಿನ್ ಬಂದ್ ಬೀಳುತ್ತದೆ. ಬಿಸಿಯಾದ ಪೆಟ್ರೋಲ್ ಎಂಜಿನ್ನಿನಲ್ಲಿ ಈ ತೂಕ ಕೂಡುವುದು ಸಾಮಾನ್ಯವಾಗಿ ನಿಮಿಷಕ್ಕೆ 650ರಿಂದ 900 ಸುತ್ತುಗಳ ನಡುವೆ. ಡೀಸೆಲ್ ಕಾರುಗಳದ್ದು ಹೆಚ್ಚುಕಡಿಮೆ 750ರಿಂದ 850. ಮೋಟರ್ ಸೈಕಲ್ಲಿನದು ಬೇರೆಯೇ ಲೆಕ್ಕ, 1200ರಿಂದ 1500ರವರೆಗೂ ಅಲ್ಲಿ ಸಹಜ. ನಮ್ಮ ಬೈಕ್ ಮಿಸ್ತ್ರಿಗಳ ಕಿವಿ ಪಳಗಿರುವುದು ಆ ಸದ್ದಿಗೆ. ಕಾರಿನ 750 ಅವರಿಗೆ ಸತ್ತುಹೋಗುವ ಎಂಜಿನ್ನಿನ ಹಾಗೆ ಕೇಳಿಸಿದರೆ ಅಚ್ಚರಿಯಿಲ್ಲ.

800 ಎಂಬ ಅಂಕಿಯನ್ನು ಸ್ವಲ್ಪ ಬಿಡಿಸಿ ನೋಡೋಣ. ನಿಮಿಷಕ್ಕೆ 800 ಸುತ್ತು ಎಂದರೆ ಸೆಕೆಂಡಿಗೆ 13 ಸುತ್ತಿಗಿಂತ ತುಸು ಹೆಚ್ಚು. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರ್ ಎರಡು ಸುತ್ತಿಗೊಮ್ಮೆ ಹೊತ್ತಿಕೊಳ್ಳುತ್ತದೆ. ಹಾಗಾಗಿ ನಾಲ್ಕು ಸಿಲಿಂಡರಿನ ಎಂಜಿನ್ ಸೆಕೆಂಡಿಗೆ ಸುಮಾರು 27 ಸಲ ಹೊತ್ತಿದರೆ, ಮೂರು ಸಿಲಿಂಡರಿನದು 20 ಸಲ ಹೊತ್ತುತ್ತದೆ. ಹೊಡೆತಗಳ ನಡುವಿನ ಬಿಡುವು ಹೆಚ್ಚಾದಷ್ಟೂ ನಡುಕ ಸೀಟಿನವರೆಗೆ ತಲುಪುತ್ತದೆ. ಆಲ್ಟೋ, ಕ್ವಿಡ್, ಟಿಯಾಗೊದಂಥ ಮೂರು ಸಿಲಿಂಡರಿನ ಕಾರುಗಳು ನಿಂತಾಗ ಸ್ಟೀರಿಂಗ್ ಸಣ್ಣಗೆ ಅದುರುವುದು ಇದರಿಂದಲೇ. 2024ರಲ್ಲಿ ಸ್ವಿಫ್ಟ್ ಕೂಡ ನಾಲ್ಕು ಸಿಲಿಂಡರಿನಿಂದ ಮೂರಕ್ಕೆ ಬಂತು. ಹಳೆಯ ಸ್ವಿಫ್ಟ್ ಓಡಿಸಿ ಹೊಸದರಲ್ಲಿ ಕೂತವರಿಗೆ ಐಡಲ್ ಕೆಟ್ಟಿದೆ ಎನಿಸಬಹುದು, ಆದರೆ ಅಲ್ಲಿ ಬದಲಾಗಿರುವುದು ಸಿಲಿಂಡರಿನ ಸಂಖ್ಯೆ. ಅಂಕಿ ಸರಿಯಿದ್ದೂ ನಡುಕ ಇರಬಹುದು, ನಡುಕವಿಲ್ಲದೆಯೂ ಅಂಕಿ ತಪ್ಪಿರಬಹುದು. ಎರಡನ್ನೂ ಬೇರೆಬೇರೆಯಾಗಿ ನೋಡುವುದು ಒಳ್ಳೆಯದು. ಅಂಕಿ ಸರಿಯಿದ್ದು, ಮೊದಲಿರದಿದ್ದ ನಡುಕ ಹೊಸದಾಗಿ ಶುರುವಾಗಿದ್ದರೆ ಎಂಜಿನ್ನನ್ನು ಹಿಡಿದಿರುವ ರಬ್ಬರ್ ಮೌಂಟಿಂಗ್ ಸವೆದಿರಬಹುದು, ಅಥವಾ ಒಂದು ಸಿಲಿಂಡರ್ ಆಗಾಗ ಹೊತ್ತಿಕೊಳ್ಳದೆ ಹೋಗುತ್ತಿರಬಹುದು. ರೇಸ್ ಏರಿಸಿದರೆ ನಡುಕ ಕಡಿಮೆಯಾದಂತೆ ಕಾಣುತ್ತದೆ, ಅಷ್ಟೆ. ಮೌಂಟಿಂಗ್ ಹೊಸದಾಗುವುದಿಲ್ಲ.

ಈಗ ಕಲಬುರಗಿಯ ಬಿಸಿಲಿನ ಮಾತು. ಇಲ್ಲಿ ಮೇ ತಿಂಗಳಲ್ಲಿ ಉಷ್ಣಾಂಶ 42, 43 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಕಂಪನಿಯವರು ಹೇಳುವ ಅಂಕಿ ಎಲ್ಲೋ ತಂಪು ಊರಿನದು, ನಮ್ಮ ಬಿಸಿಲಿಗೆ ಅದು ಸಾಲದು ಎಂಬ ಆಕ್ಷೇಪವನ್ನು ಇಲ್ಲಿ ಸುಲಭವಾಗಿ ತಳ್ಳಿಹಾಕಲಾಗದು. ಅದರಲ್ಲಿ ಅರ್ಧ ಸತ್ಯವಿದೆ. 15 ಡಿಗ್ರಿಯ ಗಾಳಿಗೆ ಹೋಲಿಸಿದರೆ 45 ಡಿಗ್ರಿಯ ಗಾಳಿ ಹತ್ತಿರ ಹತ್ತಿರ ನೂರಕ್ಕೆ ಹತ್ತರಷ್ಟು ತೆಳುವಾಗಿರುತ್ತದೆ. ಅದಕ್ಕಿಂತ ದೊಡ್ಡ ಸಂಗತಿ ಎ.ಸಿ.ಯದು. ಕಾರಿನ ಮುಂದೆ ಇರುವ ಕಂಡೆನ್ಸರ್ ತನ್ನ ಬಿಸಿಯನ್ನು ಹೊರಗಿನ ಗಾಳಿಗೆ ಬಿಡಬೇಕು. ಹೊರಗಿನ ಗಾಳಿಯೇ ಕಾದಿದ್ದರೆ ಒಳಗಿನ ಗ್ಯಾಸಿನ ಒತ್ತಡ ಏರುತ್ತದೆ, ಕಂಪ್ರೆಸರ್ ತಿರುಗಿಸಲು ಎಂಜಿನ್ ಹೆಚ್ಚು ತಿಣುಕಬೇಕಾಗುತ್ತದೆ. ಕಾರು ಓಡುತ್ತಿದ್ದರೆ ಗಾಳಿಯೇ ಬಂದು ಬಡಿಯುತ್ತದೆ, ನಿಂತಾಗ ಎಲ್ಲವೂ ರೇಡಿಯೇಟರ್ ಫ್ಯಾನಿನ ಪಾಲಿಗೆ. ಆ ಫ್ಯಾನ್ ಕೇಳುವ ಕರೆಂಟನ್ನು ಆಲ್ಟರ್ನೇಟರ್ ಕೊಡಬೇಕು, ಆಲ್ಟರ್ನೇಟರನ್ನು ಮತ್ತೆ ಎಂಜಿನ್ನೇ ತಿರುಗಿಸಬೇಕು. ಹೀಗೆ ನಿಂತ ಕಾರಿನ ಮೇಲೆ ಕಲಬುರಗಿಯ ಬಿಸಿಲು ಹೊರಿಸುವ ಹೊರೆ ನಿಜವಾದದ್ದೇ.

ಆದರೆ ಈ ಹೊರೆ ಎಂಜಿನ್ನಿನ ಕಂಪ್ಯೂಟರಿಗೆ, ಅಂದರೆ ಇಸಿಯು ಎಂಬ ಪೆಟ್ಟಿಗೆಗೆ, ಗೊತ್ತಿದೆ. ನಮ್ಮ ಆಕ್ಷೇಪದ ಉಳಿದರ್ಧ ಬಿದ್ದುಹೋಗುವುದು ಇಲ್ಲಿ. ಕೂಲಂಟ್ ಎಷ್ಟು ಬಿಸಿ ಇದೆ, ಒಳಬರುವ ಗಾಳಿ ಎಷ್ಟು ಬಿಸಿ ಇದೆ, ಎ.ಸಿ. ಬಟನ್ ಒತ್ತಿದ್ದಾರೆಯೇ ಎಂಬುದನ್ನು ಅದು ಸೆನ್ಸರ್‌ಗಳಿಂದ ಬಿಡದೆ ತಿಳಿದುಕೊಳ್ಳುತ್ತಿರುತ್ತದೆ. ಕ್ರ್ಯಾಂಕಿನ ಪಕ್ಕದ ಸೆನ್ಸರ್ ಪ್ರತಿ ಸುತ್ತಿನ ವೇಗವನ್ನು ಹೇಳುತ್ತದೆ. ಕಂಪ್ರೆಸರಿನ ಕ್ಲಚ್ ಕೂಡಿಕೊಳ್ಳುವ ಮುಂಚೆಯೇ ಇಸಿಯು ಗಾಳಿಯ ದಾರಿಯನ್ನು ತುಸು ತೆರೆದಿರುತ್ತದೆ. ಗಾಳಿ ಬಂದು ತಲುಪಲು ಹಿಡಿಯುವ ಆ ಸಣ್ಣ ಹೊತ್ತಿನಲ್ಲಿ ಸ್ಪಾರ್ಕಿನ ಸಮಯವನ್ನು ಹಿಂದೆ ಮುಂದೆ ಮಾಡಿ ಸುತ್ತು ಹಿಡಿದಿಡುತ್ತದೆ. ನಾವು ಮೊದಲು ನೋಡಿದ 'ಟಕ್' ಕಂಪ್ರೆಸರಿನ ಕ್ಲಚ್ಚಿನದು. ಮುಳ್ಳು ಕುಸಿದು ಎದ್ದದ್ದು ಈ ಲೆಕ್ಕ ಸರಿಯಾಗಿ ನಡೆಯುತ್ತಿದೆ ಎಂಬುದರ ಗುರುತು. ಹೊಲದಲ್ಲಿ ಡೀಸೆಲ್ ಪಂಪ್‌ಸೆಟ್ ಇಟ್ಟವರಿಗೆ ಇದು ಹೊಸದೇನೂ ಅಲ್ಲ. ನೀರು ಎತ್ತುವ ಹೊರೆ ಬಿದ್ದ ಕೂಡಲೇ ಅಲ್ಲಿನ ಗವರ್ನರ್ ತಾನೇ ಡೀಸೆಲ್ ಹೆಚ್ಚಿಸುತ್ತದಲ್ಲ, ಆ ಕೆಲಸವನ್ನೇ ಕಾರಿನಲ್ಲಿ ಈ ಪೆಟ್ಟಿಗೆ ಮಾಡುತ್ತದೆ.

ಒಂದೇ ಕಾರಿನ ಐಡಲ್ ದಿನಕ್ಕೆ ಹಲವು ಬಗೆಯಾಗಿರುತ್ತದೆ ಎಂಬುದನ್ನು ಕಲಬುರಗಿಯಿಂದ ಕಮಲಾಪುರಕ್ಕೆ ಹೋಗಿಬರುವ ಒಂದು ದಾರಿಯಲ್ಲೇ ಕಾಣಬಹುದು. ಡಿಸೆಂಬರಿನ ಬೆಳಗಿನ ಚಳಿಗೆ ಕೀಲಿ ತಿರುವಿದಾಗ ಮುಳ್ಳು 1200, 1400ರವರೆಗೂ ಜಿಗಿಯುತ್ತದೆ. ಎಂಜಿನ್ನಿನ ಆಯಿಲ್ ಇನ್ನೂ ದಪ್ಪ, ಪೆಟ್ರೋಲು ಸರಿಯಾಗಿ ಆವಿಯಾಗದು, ಸೈಲೆನ್ಸರಿನ ಮುಂದಿರುವ ಕ್ಯಾಟಲಿಟಿಕ್ ಕನ್ವರ್ಟರ್ ಬೇಗ ಬಿಸಿಯಾಗಬೇಕು. ಅದಕ್ಕೇ ಆ ಏರಿಕೆ. ಕಪನೂರ ಕೈಗಾರಿಕಾ ಪ್ರದೇಶ ದಾಟುವ ಹೊತ್ತಿಗೆ ಎಂಜಿನ್ ಬಿಸಿಯಾಗಿ ಅಂಕಿ ತನ್ನ ಜಾಗಕ್ಕೆ ಇಳಿದಿರುತ್ತದೆ. ಹುಮನಾಬಾದ್ ಕಡೆಯ ಹೆದ್ದಾರಿಯಲ್ಲಿ ಸುಮಾರು 35 ಕಿಲೋಮೀಟರ್ ಓಡಿ, ಕಮಲಾಪುರದಲ್ಲಿ ಅಲ್ಲಿನ ಹೆಸರಾದ ಕೆಂಪು ಬಾಳೆಹಣ್ಣು ಕೊಳ್ಳಲು ನಿಲ್ಲಿಸಿದಾಗ 750. ಎ.ಸಿ. ಹಾಕಿದರೆ 850 ಅಥವಾ 900. ಸಂಜೆ ಲೈಟು, ವೈಪರು, ಬ್ಲೋವರು ಎಲ್ಲ ಹಾಕಿ ಹಿಂತಿರುಗುವಾಗ ಇನ್ನೊಂದು ಅಂಕಿ. ಇವಿಷ್ಟೂ ಸಹಜವೇ. ಇದರಲ್ಲಿ ಯಾವುದೋ ಒಂದನ್ನು ಹಿಡಿದುಕೊಂಡು ಉಳಿದವನ್ನು ದೋಷ ಎನ್ನುವುದು ತಪ್ಪು. ಕಾರಣವಿಲ್ಲದೆ ಅಂಕಿ ಬದಲಾದಾಗ ಮಾತ್ರ ಅನುಮಾನ ಪಡಬೇಕು. ಎಂಜಿನ್ ಬಿಸಿಯಾಗಿದೆ, ಎ.ಸಿ. ಬಂದ್ ಇದೆ, ಯಾವ ಹೊರೆಯೂ ಇಲ್ಲ, ಆದರೂ ಮುಳ್ಳು 700ಕ್ಕೂ 1100ಕ್ಕೂ ಉಯ್ಯಾಲೆ ಆಡುತ್ತಿದೆ ಅಥವಾ 1300ರಿಂದ ಇಳಿಯಲು ಒಲ್ಲೆ ಅನ್ನುತ್ತಿದೆ ಎಂದರೆ ಒಳಗೆ ಏನೋ ಕೆಟ್ಟಿದೆ.

ಏನು ಕೆಟ್ಟಿರಬಹುದು? ಹೆಚ್ಚಿನ ಸಲ ಬಹಳ ಸಣ್ಣದು. ಎಂಜಿನ್ನಿಗೆ ಗಾಳಿ ಹೋಗುವ ದಾರಿಯಲ್ಲಿರುವ ಥ್ರಾಟಲ್ ಬಾಡಿಯ ಒಳಗೆ ಒಂದು ದುಂಡನೆಯ ತಗಡಿನ ಕದವಿದೆ. ಐಡಲ್ ಹೊತ್ತಿನಲ್ಲಿ ಅದು ಮುಚ್ಚಿಯೇ ಮುಚ್ಚಿದೆ ಎನ್ನುವಷ್ಟು ಕಿರಿದಾಗಿ ತೆರೆದಿರುತ್ತದೆ. ಆ ಸಂದಿಯ ಅಂಚಿನಲ್ಲಿ ಎಂಜಿನ್ನಿನ ಒಳಗಿನಿಂದ ಬರುವ ಎಣ್ಣೆಯ ಆವಿ, ಮಸಿ, ಧೂಳು ಸೇರಿ ಕಪ್ಪು ಜಿಡ್ಡು ಕೂಡುತ್ತದೆ. ಬೆರಳಲ್ಲಿ ಮುಟ್ಟಿದರೆ ದೀಪದ ಬುಡದ ಕಾಡಿಗೆಯ ಹಾಗೆ ಅಂಟುತ್ತದೆ. ಕೂದಲೆಳೆಯಷ್ಟು ಜಿಡ್ಡು ಸಾಕು, ಐಡಲ್ ಗಾಳಿಯ ದಾರಿ ಕಟ್ಟಿಕೊಂಡು ಸುತ್ತು ಇಳಿಯುತ್ತದೆ. ಇನ್ನೊಂದು ಕಡೆ, ವರ್ಷಗಟ್ಟಲೆ ನಮ್ಮ ಬಿಸಿಲಲ್ಲಿ ಬೆಂದ ರಬ್ಬರ್ ಪೈಪಿನಲ್ಲಿ ಬಿರುಕು ಬಿಟ್ಟರೆ ಲೆಕ್ಕಕ್ಕೆ ಸಿಗದ ಗಾಳಿ ಕಳ್ಳದಾರಿಯಿಂದ ನುಗ್ಗಿ ಸುತ್ತು ಏರುತ್ತದೆ, ಇಲ್ಲವೇ ಉಯ್ಯಾಲೆಯಾಡುತ್ತದೆ. ಕೂಲಂಟ್ ಸೆನ್ಸರ್ ಕೆಟ್ಟು ಎಂಜಿನ್ ಇನ್ನೂ ತಣ್ಣಗಿದೆ ಎಂದು ಸುಳ್ಳು ಹೇಳಿದರೆ ಇಸಿಯು ಚಳಿಯ ಲೆಕ್ಕವನ್ನೇ ಹಿಡಿದು ರೇಸ್ ಏರಿಸಿಟ್ಟಿರುತ್ತದೆ. ಈ ಮೂರಕ್ಕೂ ಮದ್ದು ಬೇರೆಬೇರೆ. ಮೊದಲನೆಯದಕ್ಕೆ ಸ್ವಚ್ಛ ಮಾಡಬೇಕು, ಎರಡನೆಯದಕ್ಕೆ ಪೈಪು, ಮೂರನೆಯದಕ್ಕೆ ಸೆನ್ಸರ್ ಬದಲಿಸಬೇಕು. ಮೂರಕ್ಕೂ ರೇಸ್ ಏರಿಸುವ ಒಂದೇ ಸ್ಕ್ರೂ ತಿರುವುವುದು ಹೊಟ್ಟೆನೋವಿಗೂ ಕಣ್ಣುನೋವಿಗೂ ಒಂದೇ ಗುಳಿಗೆ ಕೊಟ್ಟ ಹಾಗೆ.

ಹಿಂದೆ ಸ್ಕ್ರೂ ತಿರುವಿಯೇ ಸರಿ ಮಾಡುತ್ತಿದ್ದರಲ್ಲ ಎಂದು ಹಿರಿಯ ಮಿಸ್ತ್ರಿಗಳು ಕೇಳಬಹುದು. ಅವರ ಮಾತು ಸುಳ್ಳಲ್ಲ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ಕ್ಕೆ, ಅದಕ್ಕೂ ಮೊದಲಿನ ಅಂಬಾಸಡರ್, ಪದ್ಮಿನಿಗಳಿಗೆ ಕಾರ್ಬ್ಯುರೇಟರ್ ಇತ್ತು. ಅಲ್ಲಿ ಲೆಕ್ಕ ಇಡುವ ಪೆಟ್ಟಿಗೆ ಇರಲಿಲ್ಲ, ಲೆಕ್ಕ ಇಡುತ್ತಿದ್ದದ್ದು ಮಿಸ್ತ್ರಿಯ ಕಿವಿ. ಬೇಸಿಗೆಗೊಂದು, ಚಳಿಗಾಲಕ್ಕೊಂದು ಟ್ಯೂನಿಂಗ್ ಮಾಡುವುದು ಆಗ ನಿಜವಾದ ಕಸುಬು. ಬಿಸಿಲಿಗೆ ಪೆಟ್ರೋಲು ಗಾಡಿಯ ಇಂಧನ ಪಂಪಿನಲ್ಲೇ ಆವಿಯಾಗಿ ಗಾಡಿ ನಿಂತಾಗ ಒದ್ದೆ ಬಟ್ಟೆ ಹಾಕಿ ತಣಿಸುತ್ತಿದ್ದ ಕಾಲ ಅದು. ಆದರೆ 2000ದ ಹೊತ್ತಿಗೆ ಭಾರತದಲ್ಲಿ ಹೊಗೆಯ ಕಟ್ಟಳೆಗಳು ಬಿಗಿಯಾಗಿ ಮಾರುತಿ 800 ಕೂಡ ಇಂಧನ ಚಿಮ್ಮಿಸುವ ಎಂಪಿಎಫ್‌ಐ ವ್ಯವಸ್ಥೆಗೆ ಹೊರಳಿತು. 2017ರ ಏಪ್ರಿಲ್ 1ರಿಂದ ದೇಶಕ್ಕೆಲ್ಲ ಬಿಎಸ್-4, 2020ರ ಏಪ್ರಿಲ್ 1ರಿಂದ ಬಿಎಸ್-6 ಬಂತು. ಈಗಿನ ಥ್ರಾಟಲ್ ಬಾಡಿಯಲ್ಲಿ ಸ್ಕ್ರೂ ಕಂಡರೂ ಅದು ಕಾರ್ಖಾನೆಯಲ್ಲೇ ಕೂರಿಸಿದ್ದು, ಐಡಲ್ ತಿದ್ದಲು ಇಟ್ಟದ್ದಲ್ಲ. ಅದನ್ನು ತಿರುವಿದರೆ ಕದ ಮುಚ್ಚಿದಾಗ ಎಲ್ಲಿರುತ್ತದೆ ಎಂದು ಇಸಿಯು ಕಲಿತಿಟ್ಟ ಪಾಠವೇ ತಪ್ಪಾಗುತ್ತದೆ. ಕಲಿತ ಪಾಠ ಎಂದದ್ದು ಅಲಂಕಾರಕ್ಕಲ್ಲ. ಬ್ಯಾಟರಿ ಬದಲಿಸಿದ ಮೇಲೋ ಥ್ರಾಟಲ್ ಬಾಡಿ ಸ್ವಚ್ಛ ಮಾಡಿದ ಮೇಲೋ ಕೆಲವು ಕಾರುಗಳ ಐಡಲ್ ಸ್ವಲ್ಪ ಕಾಲ ಹದ ತಪ್ಪುವುದು, ಇಸಿಯು ಆ ಪಾಠವನ್ನು ಮತ್ತೆ ಕಲಿಯಬೇಕಾಗಿ ಬರುವುದರಿಂದ. ಹೆಚ್ಚಿನವು ಓಡುತ್ತಾ ಓಡುತ್ತಾ ಕಲಿಯುತ್ತವೆ, ಕೆಲವಕ್ಕೆ ಸ್ಕ್ಯಾನರ್ ಹಚ್ಚಿ ಕಲಿಸಬೇಕು. ಬ್ಯಾಟರಿ ಹಾಕಿದ ಮರುದಿನವೇ ಗ್ಯಾರೇಜಿಗೆ ಓಡುವ ಮುಂಚೆ ಒಂದೆರಡು ದಿನ ತಾಳಿದರೆ ನಷ್ಟವಿಲ್ಲ.

ರೇಸ್ ಏರಿಸಿದರೆ ಎ.ಸಿ. ಚೆನ್ನಾಗಿ ತಣ್ಣಗಾಗುತ್ತದೆ ಎಂಬ ಮಾತೂ ಇದೆ. ಹೌದು, ಆಗುತ್ತದೆ. ಕಂಪ್ರೆಸರ್ ಎಂಜಿನ್ನಿನ ಬೆಲ್ಟಿನಿಂದಲೇ ತಿರುಗುವುದರಿಂದ ಸುತ್ತು ಹೆಚ್ಚಾದರೆ ತಂಪು ಹೆಚ್ಚಾಗಲೇಬೇಕು. ಹೊಸದಾಗಿ ಕೊಂಡಾಗ ಇದೇ ಐಡಲ್‌ನಲ್ಲಿ ತಣ್ಣಗಿದ್ದ ಕಾರು ಈಗೇಕೆ ತಣ್ಣಗಾಗುತ್ತಿಲ್ಲ ಎಂಬುದನ್ನು ಯಾರೂ ಕೇಳುವುದಿಲ್ಲ, ಅದೇ ತೊಂದರೆ. ನಮ್ಮ ರಸ್ತೆಗಳ ಧೂಳು ಕಂಡೆನ್ಸರಿನ ರೆಕ್ಕೆಗಳ ನಡುವೆ ಹೊಕ್ಕು ಕೂತಿರುತ್ತದೆ, ಇಲ್ಲವೇ ಫ್ಯಾನ್ ಮಂದವಾಗಿರುತ್ತದೆ, ಇಲ್ಲವೇ ಗ್ಯಾಸ್ ಕಡಿಮೆಯಾಗಿರುತ್ತದೆ. ಕಂಡೆನ್ಸರನ್ನು ಹದವಾದ ನೀರಿನಿಂದ ತೊಳೆಯುವ ಕೆಲಸಕ್ಕೆ ತಗಲುವ ಖರ್ಚು ಅತ್ಯಲ್ಪ. ರೇಸ್ ಏರಿಸಿದರೆ ಅದರ ಖರ್ಚು ಪ್ರತಿದಿನದ್ದು. ಸಣ್ಣ ಪೆಟ್ರೋಲ್ ಕಾರು ಎ.ಸಿ. ಇಲ್ಲದೆ ಐಡಲ್‌ನಲ್ಲಿ ಗಂಟೆಗೆ ಅರ್ಧ ಲೀಟರಿನಿಂದ ಮುಕ್ಕಾಲು ಲೀಟರಿನವರೆಗೆ ಕುಡಿಯುತ್ತದೆ, ಎ.ಸಿ. ಇದ್ದರೆ ಇನ್ನೂ ಹೆಚ್ಚು. ಗಂಟೆಗೆ 800 ಎಂ.ಎಲ್. ಎಂದೇ ಇಟ್ಟುಕೊಳ್ಳಿ. ಸಿಗ್ನಲ್ಲು, ಶಾಲೆಯ ಗೇಟು, ಅಂಗಡಿಯ ಮುಂದೆ ಕಾಯುವುದು ಎಲ್ಲ ಸೇರಿ ದಿನಕ್ಕೆ ಕಾಲು ಗಂಟೆಯಾದರೂ ತಿಂಗಳಿಗೆ 6 ಲೀಟರ್ ಆಯಿತು. 800 ಸುತ್ತನ್ನು 1100ಕ್ಕೆ ಏರಿಸಿದರೆ ಆ ಖರ್ಚು ಸುಮಾರಾಗಿ ಮೂರನೆಯ ಒಂದು ಭಾಗದಷ್ಟು ಏರುತ್ತದೆ, ಅಂದರೆ ಇನ್ನೂ 2 ಲೀಟರ್. ಇದಲ್ಲದೆ ಮೊದಲ ಗೇರಿನಲ್ಲಿ ಕ್ಲಚ್ ಬಿಟ್ಟು ತೆವಳುವಾಗ 800 ಸುತ್ತಿಗೆ ಸಣ್ಣ ಕಾರು ಗಂಟೆಗೆ ಐದಾರು ಕಿಲೋಮೀಟರ್, ಹೆಚ್ಚುಕಡಿಮೆ ಮನುಷ್ಯರ ನಡಿಗೆಯ ವೇಗದಲ್ಲಿ ಹೋಗುತ್ತದೆ. 1200ಕ್ಕೆ ಏರಿಸಿದರೆ ಎಂಟಕ್ಕೂ ಮೀರುತ್ತದೆ. ಸೂಪರ್ ಮಾರ್ಕೆಟ್ಟಿನ ಜನಜಂಗುಳಿಯಲ್ಲಿ ಆ ವೇಗ ಜಾಸ್ತಿ. ಅದನ್ನು ತಡೆಯಲು ಕ್ಲಚ್ಚನ್ನು ಮತ್ತೆ ಮತ್ತೆ ಅರ್ಧ ಒತ್ತುತ್ತೀರಿ, ಪೆಟ್ರೋಲಿನ ಜೊತೆಗೆ ಕ್ಲಚ್ ಪ್ಲೇಟೂ ಸವೆಯುತ್ತದೆ.

ಹಾಗಿದ್ದರೆ ಐಡಲ್ ಇಳಿಸಿದರೆ ಉಳಿತಾಯವಲ್ಲವೇ ಎಂದು ಲೆಕ್ಕದವರು ಕೇಳುತ್ತಾರೆ. ಇಲ್ಲ. 500ಕ್ಕೆ ಇಳಿದರೆ ಆಯಿಲ್ ಒತ್ತಡ ಕುಸಿಯುತ್ತದೆ, ಅದೂ ಬಿಸಿಲಿಗೆ ಆಯಿಲ್ ತೆಳುವಾದ ಹೊತ್ತಿನಲ್ಲಿ. ಆಲ್ಟರ್ನೇಟರ್ ಸಾಲದೆ ಬ್ಯಾಟರಿಯಿಂದ ಸಾಲ ತೆಗೆಯಬೇಕಾಗುತ್ತದೆ. ಪೆಟ್ರೋಲು ಉಳಿಸಬೇಕೆಂದರೆ ಎಂಜಿನ್ನನ್ನೇ ಬಂದ್ ಮಾಡಿ. ಇಂಧನ ಚಿಮ್ಮಿಸುವ ಕಾರಿನಲ್ಲಿ ನಿಲುಗಡೆ ಅರ್ಧ ನಿಮಿಷ ದಾಟುವುದಿದ್ದರೆ ಮತ್ತೆ ಚಾಲೂ ಮಾಡಲು ತಗಲುವ ಪೆಟ್ರೋಲು ಉಳಿದದ್ದಕ್ಕಿಂತ ಖಂಡಿತ ಕಡಿಮೆ. ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕುವ ಚಾಳಿಯೂ ಹೀಗೇ ತಿರುವುಮುರುವು. ನ್ಯೂಟ್ರಲ್‌ನಲ್ಲಿ ಎಂಜಿನ್ ಐಡಲ್ ಆಗಿ ಪೆಟ್ರೋಲು ಕುಡಿಯುತ್ತದೆ. ಗೇರಿನಲ್ಲೇ ಇದ್ದು ಆಕ್ಸಿಲರೇಟರ್ ಬಿಟ್ಟರೆ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ, ಇಂಜೆಕ್ಟರುಗಳು ಬಾಯಿ ಮುಚ್ಚುತ್ತವೆ, ಸುತ್ತು ಐಡಲ್ ಹತ್ತಿರ ಇಳಿದ ಮೇಲಷ್ಟೇ ಮತ್ತೆ ತೆರೆಯುತ್ತವೆ. ಕಮಲಾಪುರದ ದಾರಿಯಲ್ಲಿ ಎಲ್ಲಿ ಇಳಿಜಾರು ಸಿಕ್ಕರೂ ಗೇರ್ ತೆಗೆಯಬೇಡಿ, ಬ್ರೇಕಿಗೂ ಅದೇ ಕ್ಷೇಮ.

ಐಡಲ್ ಅಂಕಿಗೆ ಸರ್ಕಾರವೂ ಬೆಲೆ ಕೊಟ್ಟಿದೆ ಎಂಬುದು ಹೊಗೆ ತಪಾಸಣೆಗೆ ನಿಂತಾಗ ಗೊತ್ತಾಗುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 115ನೆಯ ನಿಯಮದ ಪ್ರಕಾರ ಪೆಟ್ರೋಲ್ ಕಾರಿನ ಹೊಗೆಯನ್ನು ಐಡಲ್‌ನಲ್ಲಿ ಅಳೆಯುತ್ತಾರೆ. ಬಿಎಸ್-4 ಪೆಟ್ರೋಲ್ ಕಾರಿನ ಐಡಲ್ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇಕಡಾ 0.3ನ್ನು ಮೀರಬಾರದು. ಅದರ ಜೊತೆಗೆ 2500 ಸುತ್ತಿನ ಆಸುಪಾಸಿನಲ್ಲಿ ಇನ್ನೊಂದು ಅಳತೆಯೂ ಇದೆ. ಐಡಲ್‌ನಲ್ಲಿ ಏಕೆ ಎಂದರೆ, ಎಂಜಿನ್ ಅತಿ ಕಡಿಮೆ ಗಾಳಿ ಎಳೆಯುವ ಹೊತ್ತಿನಲ್ಲಿ ಸಣ್ಣ ಸೋರಿಕೆ, ಸಣ್ಣ ಜಿಡ್ಡು, ಒಂದು ಮಂಕು ಪ್ಲಗ್ಗು ಎಲ್ಲವೂ ಎದ್ದು ಕಾಣುತ್ತವೆ. ಹೆದ್ದಾರಿಯ ಓಟದಲ್ಲಿ ಇವೇ ದೋಷಗಳು ಗಾಳಿಯ ಪ್ರವಾಹದಲ್ಲಿ ಮುಚ್ಚಿಹೋಗುತ್ತವೆ. ಕಮಲಾಪುರದವರೆಗೆ ಚೆನ್ನಾಗಿಯೇ ಓಡಿದ ಕಾರು ಊರೊಳಗೆ ಬಂದು ನಿಂತಾಗ ಗೊರಗೊರ ಅನ್ನುವುದು ಇದಕ್ಕೇ.

ಆದ್ದರಿಂದ ಒಂದು ಕೋರಿಕೆ. ನಿಮ್ಮ ಕಾರಿನ ಐಡಲ್ ಎಷ್ಟಿರಬೇಕು ಎಂಬುದು ಕಂಪನಿಯ ಸರ್ವಿಸ್ ಮಾಹಿತಿಯಲ್ಲಿದೆ, ಕೆಲವು ಕಾರುಗಳಲ್ಲಿ ಬಾನೆಟ್ಟಿನ ಕೆಳಗಿನ ಸ್ಟಿಕ್ಕರಿನಲ್ಲೂ ಇರುತ್ತದೆ. ಆರ್‌ಪಿಎಂ ಮೀಟರ್ ಇಲ್ಲದ ಕಾರಾದರೆ ಸ್ಟೀರಿಂಗಿನ ಕೆಳಗಿರುವ ಪೋರ್ಟಿಗೆ ಸ್ಕ್ಯಾನರ್ ಹಚ್ಚಿ ತೋರಿಸಲು ಮಿಸ್ತ್ರಿಗೆ ಹೇಳಿ. ಗಾಡಿ ಚೆನ್ನಾಗಿರುವ ಒಂದು ದಿನ, ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ಬಂದು, ಎ.ಸಿ. ಬಂದ್ ಮಾಡಿ ಒಮ್ಮೆ, ಹಾಕಿ ಒಮ್ಮೆ, ಎರಡು ಅಂಕಿಗಳನ್ನು ತಾರೀಖಿನ ಸಮೇತ ಸರ್ವಿಸ್ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಡಿ. ಮುಂದೆ ಯಾವತ್ತಾದರೂ ಗ್ಯಾರೇಜಿಗೆ ಹೋದಾಗ ರೇಸ್ ಏರಿಸಲು ಹೇಳಬೇಡಿ, ಆ ಹಾಳೆ ತೋರಿಸಿ, ಈ ಅಂಕಿ ಏಕೆ ಬದಲಾಯಿತು ಎಂದು ಕೇಳಿ.